ಬಣ್ಣ ನಮ್ಮದು, ಬ್ರೇಕು ಯಾರದೋ

ಹಳೆಯ ಕಡತದ ಒಕ್ಕಣೆಯನ್ನು ಹೊಸ ಕಡತಕ್ಕೆ ಇಳಿಸಿ, ಹೆಸರು ಮಾತ್ರ ತಿದ್ದಿ, ಉಳಿದದ್ದನ್ನು ತಿದ್ದಲು ಮರೆಯುವ ಕಲೆ ನಮ್ಮಂಥ ಗುಮಾಸ್ತರಿಗೆ ಹೊಸದಲ್ಲ. ಆದರೆ ಈ ಕಲೆ ರೈಲುಗಾಡಿಯ ಆಟದಲ್ಲಿಯೂ ಉಂಟೆಂದು ನನಗೆ ತಿಳಿದದ್ದು ಈ ಸಲದ ದೀಪಾವಳಿಯಲ್ಲಿ, ಮಾವನವರು ಹುಬ್ಬಳ್ಳಿಯಿಂದ ಪುಣೆಗೆ ಬಂದಾಗ.

ಮಾವನವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. (2022ರಿಂದ ಆ ಹುದ್ದೆಗೆ ಟ್ರೇನ್ ಮ್ಯಾನೇಜರ್ ಎಂಬ ಹೆಸರು ಬಂದಿದೆ, ಅವರ ಬಾಯಿಗೆ ಅದಿನ್ನೂ ಬಂದಿಲ್ಲ.) ಮೀಟರ್ ಗೇಜಿನ ಕಾಲದಿಂದಲೂ ಕ್ಯಾಸಲ್‌ರಾಕಿನ ಘಾಟಿನಲ್ಲಿ ಹತ್ತಿ ಇಳಿದು ನಿವೃತ್ತರಾದವರು. ಮಗನಿಗೋ ಕಂಪ್ಯೂಟರಿನಲ್ಲಿ ರೈಲು ನಡೆಸುವ ಹುಚ್ಚು. ಓಪನ್ ರೈಲ್ಸ್ ಎಂಬ ಆಟ, ಕಾಸು ಕೊಡಬೇಕಾಗಿಲ್ಲ. 2001ರಲ್ಲಿ ಬಂದ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರಿಗೆಂದು ಹವ್ಯಾಸಿಗಳು ಮಾಡಿಟ್ಟ ಹಾದಿ, ಡಬ್ಬಿಗಳು ಇದರಲ್ಲಿಯೂ ಓಡುತ್ತವೆ.

ಅಜ್ಜನಿಗೆ ತೋರಿಸಲೆಂದು ಹುಡುಗ ಲೋಣಾವಳೆಯಿಂದ ಕರ್ಜತಿಗೆ ಗಾಡಿ ಹೊರಡಿಸಿದ. ನಮ್ಮ ಭೋರ್ ಘಾಟಿಗೂ ಕ್ಯಾಸಲ್‌ರಾಕಿನ ಘಾಟಿಗೂ ಇಳಿಜಾರು ಒಂದೇ, 37 ಅಡಿಗೆ 1 ಅಡಿ. ಮಾವನವರು ಕನ್ನಡಕ ಏರಿಸಿ ನೋಡಿ ಬಹಳ ಮೆಚ್ಚಿದರು. ಪೆರಂಬೂರಿನ ಕಾರ್ಖಾನೆಯ ನೀಲಿ ಡಬ್ಬಿ, ಕಿಟಕಿಯ ಸರಳು, ಬಾಗಿಲ ಹಿಡಿಕೆ, ಎಲ್ಲವೂ ಇದ್ದಂತೆಯೇ ಇದ್ದುವು. ಆದರೆ ಖಂಡಾಳಾ ದಾಟಿದ ಮೇಲೆ ಗಾಡಿಯ ನಡೆ ಕೆಟ್ಟಿತು. ಹುಡುಗ ಬ್ರೇಕು ಹಾಕಿದ, ವೇಗ ಇಳಿಯಿತು. ಸ್ವಲ್ಪ ಸಡಿಲಿಸಹೋದರೆ ಬ್ರೇಕು ಪೂರ್ತಿಯಾಗಿ ಬಿಟ್ಟುಬಿಟ್ಟಿತು. ಮತ್ತೆ ಹಾಕಿದ, ಮತ್ತೆ ಬಿಟ್ಟಿತು. ನಾಲ್ಕನೆಯ ಸಲ ಹಾಕಿದರೆ ಹಿಡಿಯಲು ಗಾಳಿಯೇ ಉಳಿದಿರಲಿಲ್ಲ. ಗಾಡಿ ಎಂಬತ್ತು, ತೊಂಬತ್ತು ದಾಟಿ ಹಳಿ ತಪ್ಪಿತು.

ಹುಡುಗ ನಕ್ಕ. ಅವನಿಗೆ ಇದು ದಿನದ ಮಾತು. ಮಾವನವರು ನಗಲಿಲ್ಲ. “ಇದು ನಮ್ಮ ಡಬ್ಬಿ ಅಲ್ಲೋ ತಮ್ಮಾ. ನಮ್ಮದು ಹಿಂಗ ಒಮ್ಮೆಲೇ ಕೈ ಬಿಡೂದಿಲ್ಲ” ಎಂದರು.

ಅವರು ಹೇಳಿದ್ದನ್ನು ನಾನು ತಿಳಿದಷ್ಟು ಬರೆಯುತ್ತೇನೆ. ಗಾಡಿಯುದ್ದಕ್ಕೂ ಹೋಗುವ ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡದ ಗಾಳಿ ಇರುತ್ತದೆ. ಅದನ್ನು ಇಳಿಸಿದರೆ ಬ್ರೇಕು ಹಿಡಿಯುತ್ತದೆ, ಏರಿಸಿದರೆ ಸಡಿಲುತ್ತದೆ. ನಮ್ಮ ಪ್ರಯಾಣಿಕರ ಡಬ್ಬಿಯ ವಾಲ್ವು, ಎಷ್ಟು ಏರಿಸಿದರೆ ಅಷ್ಟೇ ಸಡಿಲಿಸುತ್ತದೆ. ಜೊತೆಗೆ 6 ಕಿಲೋ ಒತ್ತಡದ ಇನ್ನೊಂದು ಪೈಪು ಡಬ್ಬಿಯ ಕೆಳಗಿನ ಗಾಳಿಯ ತೊಟ್ಟಿಯನ್ನು ತುಂಬುತ್ತಲೇ ಇರುತ್ತದೆ. ಅಮೆರಿಕದ ಗೂಡ್ಸ್ ಗಾಡಿಯ ಕ್ರಮ ಬೇರೆ: ಪೈಪು ಒಂದೇ, ಬಿಟ್ಟರೆ ಪೂರ್ತಿ ಬಿಟ್ಟಂತೆ. (ಇಳಿಯುವಾಗ ಇಂಜಿನ್ನಿನ ವಿದ್ಯುತ್ ಬ್ರೇಕೂ ನೆರವಾಗುತ್ತದೆ, ಅದು ಬೇರೆ ಪುರಾಣ.) ಹಳೆಯ ವ್ಯಾಕ್ಯೂಮ್ ಬ್ರೇಕು ಕೂಡ ಸ್ವಲ್ಪ ಸ್ವಲ್ಪವೇ ಬಿಡುತ್ತಿತ್ತು. ತಮಾಷೆಯೆಂದರೆ, ಕೆಂಗಂದು ಬಣ್ಣದ ವ್ಯಾಕ್ಯೂಮ್ ಡಬ್ಬಿಗಳ ನಡುವೆ ಗಾಳಿ ಬ್ರೇಕಿನ ಡಬ್ಬಿ ಇದು ಎಂದು ಒಂದು ಕಾಲಕ್ಕೆ ಹೇಳುತ್ತಿದ್ದುದೇ ಈ ನೀಲಿ ಬಣ್ಣ. ಇಲ್ಲಿ ಬಣ್ಣ ಬಂದಿತ್ತು, ಅದು ಹೇಳುವ ಮಾತು ಬಂದಿರಲಿಲ್ಲ.

ಹುಡುಗ ಡಬ್ಬಿಯ ಕಡತವನ್ನು ತೆರೆದ. ಬರಿಯ ಅಕ್ಷರ, ಅಂಕಿ. ಯಾರು ಬೇಕಾದರೂ ಓದಬಹುದು. ಪೈಪು ಒಂದೆಂದು ಬರೆದಿತ್ತು. ಸ್ವಲ್ಪ ಸ್ವಲ್ಪವೇ ಬಿಡುವ ವಾಲ್ವಿನ ಹೆಸರೇ ಇರಲಿಲ್ಲ. ಯಾವುದೋ ವ್ಯಾಗನ್ನಿನ ಒಕ್ಕಣೆ, ಮೇಲೆ ನೀಲಿ ಬಣ್ಣ! ಕೆಂಪು ಎಲ್‌ಎಚ್‌ಬಿ ಡಬ್ಬಿಯ ಕಡತ ತೆರೆದರೆ ಅದೂ ಇದರ ಯಥಾಪ್ರತಿ. ನಿಜದಲ್ಲಿ ನೀಲಿ ಡಬ್ಬಿಯ ಬ್ರೇಕು ಚಕ್ರದ ಮೈಯನ್ನೇ ಎರಡೂ ಕಡೆಯಿಂದ ಒತ್ತುತ್ತದೆ. ಕೆಂಪು ಡಬ್ಬಿಯದು ಅಚ್ಚಿನ ಮೇಲಿನ ಡಿಸ್ಕನ್ನು ಹಿಡಿಯುತ್ತದೆ, ಚಕ್ರ ಜಾರದಂತೆ ನೋಡುವ ಉಪಕರಣವೂ ಉಂಟು. ಮಾಡಿದವನನ್ನು ನಾನು ಬೈಯಲಾರೆ. ಪುಕ್ಕಟೆ ಮಾಡಿದ್ದಾನೆ, ಕಿಟಕಿಯ ಸರಳಿಗೆ ಎಷ್ಟು ರಾತ್ರಿ ಕಳೆದನೋ! ಆದರೂ ಆ ರಾತ್ರಿಗಳಲ್ಲಿ ಒಂದನ್ನು ಬ್ರೇಕಿಗೆ ಕೊಡಬಹುದಾಗಿತ್ತು.

ಅಜ್ಜ ಹೇಳಿದಂತೆ ಮೊಮ್ಮಗ ತಿದ್ದಿದ. ಈ ಸಲ ಹಿಡಿಕೆ ಮಾವನವರ ಕೈಯಲ್ಲಿ. ಮೂವತ್ತರ ಆಸುಪಾಸಿನಲ್ಲಿ ಗಾಡಿ ಇಳಿಯಿತು. ಊಟಕ್ಕೆ ಕರೆದರೂ ಏಳಲಿಲ್ಲ. ಮಂಕಿ ಹಿಲ್ ಹೋಯಿತು, ಠಾಕುರವಾಡಿ ಹೋಯಿತು, ಅನ್ನ ಆರಿತು. ಕರ್ಜತಿನಲ್ಲಿ ನಿಲ್ಲಿಸಿ, ಕೊನೆಯ ಡಬ್ಬಿಯನ್ನು ತೋರಿಸು ಎಂದರು. ಹುಡುಗ ತೋರಿಸಿದ. ಗಾರ್ಡಿನ ಕೋಣೆಯಿತ್ತು, ಕಿಟಕಿಯಿತ್ತು. ಒಳಗೆ ಯಾರೂ ಇರಲಿಲ್ಲ.

“ಇದನ್ನೂ ಆ ಕಡತದಾಗ ಬರಿಯಾಕ ಬರತೈತೇನೋ?” ಎಂದು ಕೇಳಿದರು. ಹುಡುಗ ಈಗ ಅದನ್ನು ಹುಡುಕುತ್ತಿದ್ದಾನೆ.