ಅಮ್ಮನಿಗೂ ಒಂದು ತರಗತಿ

ಕರಾವಳಿಯ ಕಥೋಲಿಕ ಕುಟುಂಬಗಳಿಗೆ ವಲಸೆ ಹೊಸದೇನಲ್ಲ. ಮುಂಬಯಿಗೆ ಹೋದೆವು, ಕೊಲ್ಲಿ ರಾಷ್ಟ್ರಗಳಿಗೆ ಹೋದೆವು, ಈಗ ಕೆನಡಾಕ್ಕೂ ಹೋಗುತ್ತಿದ್ದೇವೆ. ಕೊಲ್ಲಿಗೆ ಹೋದವರು ದುಡಿದು ಊರಿಗೆ ಮರಳುವವರು. ಕೆನಡಾದ ಖಾಯಂ ನಿವಾಸಿಗಳಾಗಿ ಹೋಗುವವರಾದರೋ ಮಡದಿ ಮಕ್ಕಳೊಡನೆ ಅಲ್ಲಿಯೇ ನೆಲೆಯೂರುವವರು. ಉದ್ಯೋಗದ ಅರ್ಹತೆಯ ಮೇಲೆ ಅರ್ಜಿ ಹಾಕಿದವರ ಭಾಷಾಜ್ಞಾನವನ್ನು ಹೊರಡುವ ಮೊದಲೇ ಅಳೆಯಲಾಗುತ್ತದೆ. ಜೊತೆಗೆ ಹೋಗುವ ಮಡದಿಗೆ, ಮುಂದೆ ಕರೆಸಿಕೊಳ್ಳುವ ತಂದೆತಾಯಿಯರಿಗೆ ಆ ಪರೀಕ್ಷೆ ಕಡ್ಡಾಯವಲ್ಲ. ಆದ್ದರಿಂದಲೇ ಅವರ ಇಂಗ್ಲಿಷಿನ ಚಿಂತೆಯನ್ನು ಮನೆಯವರು ಮರೆತುಬಿಡುವುದುಂಟು.

ಇದರ ಫಲವೇನು? ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ಕೊಂಕಣಿಯಾಡುತ್ತ, ಊರಿನ ಸ್ತ್ರೀಸಂಘದ ಲೆಕ್ಕಪತ್ರವನ್ನು ಒಬ್ಬಳೇ ನಿಭಾಯಿಸುತ್ತಿದ್ದ ತಾಯಿಯೊಬ್ಬಳನ್ನು ಊಹಿಸಿಕೊಳ್ಳೋಣ. ಅಲ್ಲಿನ ವೈದ್ಯರ ಮುಂದೆ ಆಕೆ ಮೂಕಳು. ಹತ್ತು ವರ್ಷದ ಮಗಳೇ ದುಭಾಷಿ. ತನ್ನ ದೇಹದ ತೊಂದರೆಯನ್ನು ಆಕೆ ಮಗುವಿನ ಬಾಯಿಯಿಂದ ಹೇಳಿಸಬೇಕು, ಹೇಳಲಾಗದ್ದನ್ನು ನುಂಗಿಕೊಳ್ಳಬೇಕು. ಶಾಲೆಯಿಂದ ಬಂದ ಪತ್ರದಲ್ಲಿ ಏನಿದೆಯೆಂದು ತಿಳಿಯಲು ಆ ಮಗಳನ್ನೇ ನಂಬಬೇಕು. ಹೀಗೆ ಮನೆಯ ಹಿರಿತನವೇ ತಲೆಕೆಳಗಾಗುತ್ತದೆ. ಇದು ಒಬ್ಬಳ ಕೊರತೆಯಲ್ಲ, ಇಡೀ ಕುಟುಂಬದ ಸಮಸ್ಯೆ.

ಕೆನಡಾ ಸರಕಾರ ಇದಕ್ಕೆ ದಾರಿಯೊಂದನ್ನು ತೆರೆದಿದೆ. 1992ರಲ್ಲಿ ಅದು ವಯಸ್ಕ ವಲಸಿಗರಿಗಾಗಿ 'ಲಿಂಕ್' ಎಂಬ ಕಿರುಹೆಸರಿನ ಇಂಗ್ಲಿಷ್ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿತು. ಖಾಯಂ ನಿವಾಸಿಗಳಿಗೂ ಆಶ್ರಯ ಪಡೆದ ನಿರಾಶ್ರಿತರಿಗೂ ಇದು ಉಚಿತ. ಸೇರುವ ಮೊದಲು ನಡೆಯುವ ಮೌಲ್ಯಮಾಪನಕ್ಕೂ ಶುಲ್ಕವಿಲ್ಲ. ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು ಎಂಬ ನಾಲ್ಕು ಕೌಶಲಗಳನ್ನು ಬೇರೆಬೇರೆಯಾಗಿ ಅಳೆದು, 12 ಮಟ್ಟಗಳ ರಾಷ್ಟ್ರೀಯ ಮಾನದಂಡದಲ್ಲಿ ಪ್ರತಿಯೊಂದಕ್ಕೂ ಸ್ಥಾನ ಗುರುತಿಸುತ್ತಾರೆ. ಶಾಲೆಯಲ್ಲಿ ವ್ಯಾಕರಣ ಕಲಿತ ನಮ್ಮವರು ಓದುವುದರಲ್ಲಿ ಮೇಲಿದ್ದು ಮಾತಿನಲ್ಲಿ ಕೆಳಗಿರಬಹುದು. ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಇಲ್ಲಿ ಪಾಸು ಫೇಲು ಎಂಬುದಿಲ್ಲ. ಯಾವ ತರಗತಿಯಲ್ಲಿ ಕುಳಿತರೆ ಕಲಿಕೆ ಸಾಗೀತೆಂದು ತಿಳಿಯುವುದಷ್ಟೇ ಉದ್ದೇಶ. ಕಲಿಸುವುದೂ ನಿತ್ಯದ ಬಳಕೆಯ ಮಾತುಗಳನ್ನೇ: ವೈದ್ಯರ ಭೇಟಿಗೆ ಸಮಯ ಕೇಳುವುದು, ಅರ್ಜಿ ತುಂಬುವುದು, ಮಕ್ಕಳ ಶಿಕ್ಷಕರೊಡನೆ ಮಾತನಾಡುವುದು.

ಕೆಲವು ಸಂಗತಿಗಳನ್ನು ನೆನಪಿಡಬೇಕು. ಸಂದರ್ಶಕರ ವೀಸಾದಲ್ಲಿ ಹೋದ ತಂದೆತಾಯಿಯರಿಗೆ ಈ ಸೌಲಭ್ಯವಿಲ್ಲ. ಪೌರತ್ವ ದೊರೆತ ಮೇಲೆ ಇದರ ಬಾಗಿಲು ಮುಚ್ಚುತ್ತದೆ. ಮೊದಲ ವರ್ಷಗಳಲ್ಲಿಯೇ ಸೇರಿಕೊಳ್ಳುವುದು ಜಾಣತನ. 18ರಿಂದ 54 ವರ್ಷದವರೆಗಿನವರು ಪೌರತ್ವ ಕೋರುವಾಗ, ಇಂಗ್ಲಿಷ್ ಇಲ್ಲವೆ ಫ್ರೆಂಚ್ ಭಾಷೆಯಲ್ಲಿ ಆಲಿಸುವ ಹಾಗೂ ಮಾತನಾಡುವ ಕೌಶಲ 4ನೆಯ ಮಟ್ಟವನ್ನಾದರೂ ಮುಟ್ಟಿದೆಯೆಂದು ತೋರಿಸಬೇಕು. 55 ತುಂಬಿದವರಿಗೆ ವಿನಾಯಿತಿಯಿದೆ, ನಿಜ. ಆದರೆ ಔಷಧದ ಚೀಟಿಯಿಂದ, ಬಸ್ಸಿನ ಫಲಕದಿಂದ ಅವರಿಗೆ ವಿನಾಯಿತಿ ಕೊಡುವವರಾರು?

ಹೀಗಿದ್ದರೂ ಆ ತರಗತಿಯ ಹೊಸ್ತಿಲು ತುಳಿಯಲು ಅನೇಕರು ಹಿಂಜರಿಯುವುದೇಕೆ? ಈ ವಯಸ್ಸಿನಲ್ಲಿ ಮತ್ತೆ ಸ್ಲೇಟು ಹಿಡಿಯುವುದೇ ಎಂಬ ಸಂಕೋಚ ಒಂದು. ಮೊದಲು ಸಂಬಳ, ಆಮೇಲೆ ಪಾಠ ಎಂಬ ಲೆಕ್ಕಾಚಾರ ಇನ್ನೊಂದು. ಪರದೇಶದ ಮನೆಬಾಡಿಗೆಯ ಭಾರವನ್ನು ಬಲ್ಲ ನಾವು ಎರಡನೆಯದನ್ನು ಹಗುರವಾಗಿ ತಳ್ಳಿಹಾಕಲಾರೆವು. ಆದರೆ ಮಾತು ಬಾರದೆ ಹಿಡಿದ ಕೆಲಸದಲ್ಲಿ ಮೇಲೇರುವುದೂ ಕಷ್ಟ, ಅನ್ಯಾಯವಾದಾಗ ಕೇಳುವುದೂ ಕಷ್ಟ. ಅರೆಕಾಲಿಕ ತರಗತಿಗಳಿವೆ, ಕೆಲವು ಕೇಂದ್ರಗಳಲ್ಲಿ ಎಳೆಯ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡೂ ಇದೆ. ಉಳಿದದ್ದು ಗಂಡಂದಿರ ಪಾಲು. ವಾರದಲ್ಲಿ ಕೆಲವು ಸಂಜೆ ಅಡುಗೆಮನೆಯ ಹೊಣೆ ಹೊತ್ತರೆ ಅವರ ಘನತೆಗೇನೂ ಕುಂದು ಬಾರದು.

ಇಂಗ್ಲಿಷ್ ಕಲಿತರೆ ಕೊಂಕಣಿ, ಕನ್ನಡಗಳು ಮನೆಯಿಂದ ಮರೆಯಾಗುವವೆಂಬ ಅಳುಕೂ ಬೇಡ. ಹೊರಗೆ ತಲೆಯೆತ್ತಿ ಮಾತನಾಡಬಲ್ಲ ತಾಯಿ ಮನೆಯೊಳಗೆ ಆಡುವ ನುಡಿಗೂ ಮಕ್ಕಳು ಬೆಲೆ ಕೊಡುತ್ತಾರೆಂಬುದು ನಮ್ಮ ನಂಬಿಕೆ. ಹೊರಡುವ ಸಿದ್ಧತೆಯಲ್ಲಿರುವ ಕುಟುಂಬಗಳು ಪೆಟ್ಟಿಗೆ ಕಟ್ಟುವ ಮೊದಲೇ ಆಕೆಯ ಪಾಠವನ್ನೂ ಆರಂಭಿಸಲಿ. ಅಲ್ಲಿಗೆ ತಲುಪಿ ಮಕ್ಕಳಿಗೆ ಶಾಲೆ ಹುಡುಕುವ ದಿನವೇ ಅಮ್ಮನ ತರಗತಿಯನ್ನೂ ವಿಚಾರಿಸಲಿ.