ತೀರಿದ ಶಿಕ್ಷೆಯನ್ನು ಮತ್ತೆ ಕೇಳಬೇಡಿ: ಪಾರ್ಕ್ ರಾಯಲ್‌ನಿಂದ ಹಕ್ಕೊತ್ತಾಯ

ಇವರಿಗೆ: ಬ್ರಿಟನ್ನಿನ ನ್ಯಾಯ ಸಚಿವಾಲಯ, ಹೋಮ್ ಆಫೀಸ್, ಓಲ್ಡ್ ಓಕ್ ಮತ್ತು ಪಾರ್ಕ್ ರಾಯಲ್ ಅಭಿವೃದ್ಧಿ ನಿಗಮ, ಹಾಗೂ ಇಲ್ಲಿನ ಕಾರ್ಖಾನೆ, ಗೋದಾಮು, ಏಜೆನ್ಸಿಗಳ ಮಾಲೀಕರು.



ಲಂಡನ್ನಿನ ಊಟದ ದೊಡ್ಡ ಪಾಲು ತಯಾರಾಗುವ ಪಾರ್ಕ್ ರಾಯಲ್ ಕೈಗಾರಿಕಾ ಪ್ರದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿ ದುಡಿಯುತ್ತಾರೆ. ಇಲ್ಲಿಂದ ಸ್ವಲ್ಪವೇ ದೂರದಲ್ಲಿ, 19ನೇ ಶತಮಾನದಲ್ಲಿ ಕೈದಿಗಳಿಂದಲೇ ಕಟ್ಟಿಸಿದ ವರ್ಮ್‌ವುಡ್ ಸ್ಕ್ರಬ್ಸ್ ಜೈಲಿದೆ. ಜೈಲಿನ ಬಾಗಿಲಿಗೂ ಕೆಲಸದ ಗೇಟಿಗೂ ಇಷ್ಟು ಹತ್ತಿರದ ನಂಟಿರುವ ಜಾಗ ಕಡಿಮೆ. ಆದರೂ ಕೆಲಸದ ಅರ್ಜಿಯ ಒಂದು ಸಾಲು ದಾರಿಗೆ ಅಡ್ಡ ನಿಲ್ಲುತ್ತದೆ: ‘ನಿಮಗೆ ಎಂದಾದರೂ ಶಿಕ್ಷೆಯಾಗಿದೆಯೇ?’

ಶಿಕ್ಷೆ ಮುಗಿಸಿದವರು, ಅವರ ಮನೆಯವರು, ಅವರಿಗೆ ಅರ್ಜಿ ತುಂಬಿಕೊಡುವ ಕನ್ನಡಿಗರು ಸೇರಿ ಈ ಒತ್ತಾಯಗಳನ್ನು ಮುಂದಿಡುತ್ತಿದ್ದೇವೆ.

1. ‘ಎಂದಾದರೂ’ ಎಂಬುದನ್ನು ಅರ್ಜಿಯಿಂದ ತೆಗೆಯಿರಿ. 1974ರ ಅಪರಾಧಿಗಳ ಪುನರ್ವಸತಿ ಕಾಯ್ದೆ ಪ್ರಕಾರ, ಗೊತ್ತುಮಾಡಿದ ಅವಧಿ ಕಳೆದ ಮೇಲೆ ಆ ಶಿಕ್ಷೆಯನ್ನು ಹೇಳಿಕೊಳ್ಳಬೇಕಾಗಿಲ್ಲ. ಕೆಲಸದ ವಿಷಯದಲ್ಲಿ ಸೂಕ್ಷ್ಮ ಹುದ್ದೆಗಳಿಗೆ ಮಾತ್ರ ವಿನಾಯಿತಿ. ಅಕ್ಟೋಬರ್ 2023ರಿಂದ ಹಲವು ಜೈಲು ಶಿಕ್ಷೆಗಳಿಗೆ ಈ ಅವಧಿ ಇನ್ನಷ್ಟು ತಗ್ಗಿದೆ. ಈಗ ವಯಸ್ಕರಿಗೆ ದಂಡವಾದರೆ ತೀರ್ಪಿನಿಂದ ಒಂದು ವರ್ಷ, ಒಂದು ವರ್ಷದೊಳಗಿನ ಜೈಲಾದರೆ ಶಿಕ್ಷೆ ಪೂರ್ತಿಯಾಗಿ ಒಂದು ವರ್ಷ, ನಾಲ್ಕು ವರ್ಷದವರೆಗಿನದಕ್ಕೆ ಮತ್ತೆ ನಾಲ್ಕು ವರ್ಷ. ಬಿಸ್ಕತ್ತಿನ ಡಬ್ಬಿ ಜೋಡಿಸುವವನ ಹತ್ತು ವರ್ಷ ಹಿಂದಿನ ದಂಡದ ಕಥೆ ನಿಮಗೇಕೆ? ಅವನು ‘ಇಲ್ಲ’ ಎಂದು ಬರೆದರೆ ಅದು ಸುಳ್ಳಲ್ಲ, ಕಾನೂನು ಕೊಟ್ಟ ಉತ್ತರ. ಅದನ್ನು ಸುಳ್ಳೆಂದು ಹೇಳಿ ಕೆಲಸದಿಂದ ತೆಗೆಯುವುದು ನಿಲ್ಲಬೇಕು.

2. ಗೋದಾಮಿನ ಕೆಲಸಕ್ಕೆ ಮೂಲ ಹಂತದ ಡಿಬಿಎಸ್ (ಅಪರಾಧ ದಾಖಲೆಯ) ತಪಾಸಣೆ ಸಾಕು. ಅದರಲ್ಲಿ ಅವಧಿ ತೀರಿದ್ದು ಕಾಣುವುದಿಲ್ಲ. ಇನ್ನು ಕೆಲವರು ‘ಪೊಲೀಸರಿಂದ ನಿಮ್ಮ ಪೂರ್ತಿ ದಾಖಲೆ ನೀವೇ ತರಿಸಿ ಕೊಡಿ’ ಎನ್ನುತ್ತಾರೆ. ಕೆಲಸ ಕೊಡಲು ಹಾಗೆ ಬಲವಂತ ಮಾಡುವುದು 2018ರ ಡೇಟಾ ಸಂರಕ್ಷಣಾ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪರಾಧ. ಅಪರಾಧ ಮಾಡಿದವನನ್ನು ಹಿಡಿಯಲು ಹೋಗಿ ತಾವೇ ಅಪರಾಧ ಮಾಡುವವರ ಮೇಲೆ ಕೇಸು ಹಾಕಿ.

3. ಬಾಲ್ಯದ ದಾಖಲೆಯನ್ನು ನಿಜವಾಗಿ ಅಳಿಸಿ. ಈ ದೇಶದಲ್ಲಿ ಅವಧಿ ತೀರಿದರೂ ಶಿಕ್ಷೆ ಅಳಿಯುವುದಿಲ್ಲ; ಆ ಮನುಷ್ಯನಿಗೆ 100 ವರ್ಷ ತುಂಬುವವರೆಗೂ ಪೊಲೀಸ್ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಹದಿನೈದರ ವಯಸ್ಸಿನಲ್ಲಿ ಕೆಲವೇ ತಿಂಗಳ ಬಂಧನದ ಶಿಕ್ಷೆ ಅನುಭವಿಸಿದ ಹುಡುಗಿ ಐವತ್ತನೆಯ ವಯಸ್ಸಿನಲ್ಲಿ ವೃದ್ಧರ ಆರೈಕೆಯ ಕೆಲಸ ಕೇಳಿದಾಗಲೂ ಅದು ಉನ್ನತ ಹಂತದ ತಪಾಸಣೆಯಲ್ಲಿ ಎದ್ದು ಬರುತ್ತದೆ. ಭಾರತದ 2015ರ ಬಾಲನ್ಯಾಯ ಕಾಯ್ದೆ ಬಹುಪಾಲು ಮಕ್ಕಳ ಶಿಕ್ಷೆಯ ದಾಖಲೆಯನ್ನು ನಾಶಮಾಡಲು ಹೇಳುತ್ತದೆ. ಮಕ್ಕಳ ವಿಷಯದಲ್ಲಾದರೂ ಬ್ರಿಟನ್ ಅಷ್ಟು ಮಾಡಲಿ.

4. ಹೊರೈಜನ್ ಸಂತ್ರಸ್ತರಲ್ಲಿ ಹೊರಗುಳಿದವರನ್ನು ಒಳಗೆ ತನ್ನಿ. ಅಂಚೆ ಕಚೇರಿಯ ‘ಹೊರೈಜನ್’ ಎಂಬ ದೋಷಪೂರಿತ ಕಂಪ್ಯೂಟರ್ ವ್ಯವಸ್ಥೆಯ ಲೆಕ್ಕವನ್ನು ನಂಬಿ 900ಕ್ಕೂ ಹೆಚ್ಚು ಉಪ ಅಂಚೆ ಕಚೇರಿಯವರನ್ನು ಕಳ್ಳರೆಂದು ಶಿಕ್ಷಿಸಲಾಯಿತು. ಅವರಲ್ಲಿ ನಮ್ಮ ಉಪಖಂಡದ ಮೂಲದವರು ಬಹಳ. ಮೇ 2024ರಲ್ಲಿ ಸಂಸತ್ತು ಒಂದೇ ಕಾಯ್ದೆಯಿಂದ ನೂರಾರು ತೀರ್ಪುಗಳನ್ನು ರದ್ದು ಮಾಡಿತು. 6 ಲಕ್ಷ ಪೌಂಡಿನ ಇಡಿಗಂಟು ಪರಿಹಾರವೂ ಇದೆ. ಮನಸ್ಸು ಮಾಡಿದರೆ ದಾಖಲೆ ಅಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಆದರೆ ಹಿಂದೆಯೇ ಮೇಲ್ಮನವಿಗೆ ಹೋಗಿ ಸೋತವರನ್ನು ಈ ಕಾಯ್ದೆ ಹೊರಗಿಟ್ಟಿದೆ. ನ್ಯಾಯ ಕೇಳಿದ್ದೇ ಅವರಿಗೆ ಮುಳುವಾಯಿತು! ಇದನ್ನು ತಿದ್ದಿ. ಶಿಕ್ಷೆ ರದ್ದಾದ ಪ್ರತಿಯೊಬ್ಬರ ಕೈಗೂ ಬ್ಯಾಂಕಿನಲ್ಲಿ, ವಿಮೆಯಲ್ಲಿ, ಕೆಲಸದಲ್ಲಿ ತೋರಿಸಬಹುದಾದ ಪತ್ರ ಕೊಡಿ.

5. 1974ರ ಕಾಯ್ದೆಯ ರಕ್ಷಣೆ 2012ರಿಂದ ವಲಸೆ ಮತ್ತು ಪೌರತ್ವದ ಅರ್ಜಿಗಳಿಗೆ ಇಲ್ಲ. ಪಕ್ಕದ ಮನೆಯ ಬ್ರಿಟಿಷ್ ಪ್ರಜೆ ಮರೆತುಬಿಡಬಹುದಾದ ದಂಡವನ್ನು ನಮ್ಮವನು ಪ್ರತಿ ಫಾರಂನಲ್ಲೂ ಬರೆಯಬೇಕು. ಸಣ್ಣ ಶಿಕ್ಷೆಗಳಿಗಾದರೂ ಈ ಭೇದ ಹೋಗಲಿ.

6. ಅವಧಿ ತೀರಿದ ಶಿಕ್ಷೆಯ ಸುದ್ದಿ ಅಂತರ್ಜಾಲದಲ್ಲಿ ಹೆಸರು ಹುಡುಕಿದೊಡನೆ ಮೇಲೆ ಬಾರದಂತೆ ಮಾಡಿ. ಇದಕ್ಕಾಗಿ ಗೂಗಲ್ ವಿರುದ್ಧ ಹೈಕೋರ್ಟಿಗೆ ಹೋದ ಇಬ್ಬರಲ್ಲಿ 2018ರಲ್ಲಿ ಒಬ್ಬರು ಗೆದ್ದರು, ಇನ್ನೊಬ್ಬರು ಸೋತರು. ಕೂಲಿಯವನಿಗೆ ಹೈಕೋರ್ಟು ಎಟುಕುವುದಿಲ್ಲ. ಖರ್ಚಿಲ್ಲದ ದಾರಿ ಬೇಕು.

7. ಕೊನೆಯದು ನಮ್ಮವರಿಗೆ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ‘ಅವನು ಒಳಗಿದ್ದು ಬಂದವನಂತೆ’ ಎಂಬ ಪಿಸುಮಾತು, ಸಂಬಂಧ ಬೆಳೆಸುವಾಗಿನ ಗುಟ್ಟಿನ ವಿಚಾರಣೆ, ಇವು ಯಾವ ಡಿಬಿಎಸ್‌ಗೂ ಕಡಿಮೆಯಿಲ್ಲ. ಸಂಘಗಳು ಈ ಕಾನೂನನ್ನು ಕನ್ನಡದಲ್ಲಿ ತಿಳಿಸಲಿ. ಪಾರ್ಕ್ ರಾಯಲ್‌ನಲ್ಲಿ ಉದ್ಯಮ ನಡೆಸುವ ಕನ್ನಡಿಗರು ತಮ್ಮ ಅರ್ಜಿ ನಮೂನೆಯನ್ನು ಈ ವಾರವೇ ತೆಗೆದು ನೋಡಲಿ. ಆ ಪ್ರಶ್ನೆ ಇದ್ದರೆ ಹೊಡೆದುಹಾಕಿ, ಹೊಸ ನಮೂನೆಯನ್ನು ಗೇಟಿನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಲಿ.