ವಿಡಿಯೋ ಹೋಮ್‌ವರ್ಕ್: ಒಂದೇ ಟೇಕ್ ಸಾಕು

ಕನ್ನಡ ಶಾಲೆಯಲ್ಲಿ ವಿಡಿಯೋ ಹೋಮ್‌ವರ್ಕ್ ಬೇಕೇ ಬೇಕು ಅಂತ ನಾನು ಹೇಳ್ತೀನಿ. ವಾರಕ್ಕೆ ಒಂದೇ ದಿನ ಕ್ಲಾಸು. ಅಷ್ಟರಲ್ಲಿ ಒಬ್ಬೊಬ್ಬರಿಗೆ ಮಾತಾಡೋಕೆ ಎಷ್ಟು ಹೊತ್ತು ಸಿಗುತ್ತೆ? 'ಹಳ್ಳಿ', 'ಹಲ್ಲಿ' ಎರಡನ್ನೂ ಸರಿಯಾಗಿ ಬರೆಯುವವರು ಬಾಯಲ್ಲಿ ಒಂದೇ ಥರ ಹೇಳಬಹುದು. 'ಳ' ಹೇಳುವಾಗ ನಾಲಿಗೆ ಮೇಲಕ್ಕೆ ಮಡಚಬೇಕು. ಬರೆದ ಹೋಮ್‌ವರ್ಕ್‌ನಲ್ಲಿ ಅದು ಗೊತ್ತಾಗಲ್ಲ, ವಿಡಿಯೋದಲ್ಲಿ ಗೊತ್ತಾಗುತ್ತೆ.

ಆದರೆ ಎಷ್ಟೋ ಮನೆಗಳಲ್ಲಿ ಅಮ್ಮ ಬರೆದುಕೊಡ್ತಾರೆ, ಮಕ್ಕಳು ಅದನ್ನ ಇಂಗ್ಲಿಷ್ ಅಕ್ಷರದಲ್ಲಿ ನೋಡಿಕೊಂಡು ಓದ್ತಾರೆ, ಅಪ್ಪ ಫೋನ್ ಹಿಂದಿನಿಂದ ಪಿಸುಗುಟ್ತಾರೆ. ಸ್ವಲ್ಪ ತಡವರಿಸಿದ್ರೂ ಇನ್ನೊಂದು ಟೇಕ್. ಹತ್ತನೇ ಟೇಕ್ ಹೊತ್ತಿಗೆ ಕನ್ನಡ ಅಂದ್ರೇನೇ ಬೇಜಾರು! ತಪ್ಪೇ ಕಾಣದ ವಿಡಿಯೋದಲ್ಲಿ ಟೀಚರ್ ತಿದ್ದೋದಾದರೂ ಏನನ್ನ?

"ಬೇರೆಯವರು ನೋಡಿದ್ರೆ ಏನಂದ್ಕೋತಾರೆ" ಅಂತ ಕೆಲವರು ಕೇಳ್ತಾರೆ. ಗೂಗಲ್ ಕ್ಲಾಸ್‌ರೂಮ್‌ನಲ್ಲಿ ನಾವು ಹೋಮ್‌ವರ್ಕ್ ಅಂತ ಕಳಿಸಿದ ವಿಡಿಯೋ ಕ್ಲಾಸಿನ ಬೇರೆ ಮಕ್ಕಳಿಗೆ ಕಾಣಲ್ಲ, ಟೀಚರ್‌ಗೆ ಕಾಣುತ್ತೆ. ನಾಚಿಕೆ ಯಾಕೆ?

ನನ್ನ ಸಲಹೆ ಇಷ್ಟೇ. ಒಂದು ನಿಮಿಷ, ಒಂದೇ ಟೇಕ್, ಚೀಟಿ ಬೇಡ. ಪದ ಮರೆತುಹೋದ್ರೆ ಇಂಗ್ಲಿಷ್ ಪದ ಹೇಳಿ ಮುಂದಕ್ಕೆ ಹೋಗಬಹುದು. ಆ ಪದಕ್ಕೆ ಕನ್ನಡದಲ್ಲಿ ಏನಂತಾರೆ ಅಂತ ಟೀಚರ್ ಹೇಳಿಕೊಡ್ತಾರೆ. ಫೋನಿನಲ್ಲಿ 4ಕೆ ಬೇಡ, 720ಪಿ ಸಾಕು. ಫೈಲ್ ಚಿಕ್ಕದಾಗಿರುತ್ತೆ, ಬೇಗ ಅಪ್‌ಲೋಡ್ ಆಗುತ್ತೆ. ವಿಡಿಯೋ ಸೇರಿಸಿದ ಮೇಲೆ 'ಟರ್ನ್ ಇನ್' ಒತ್ತೋದನ್ನ ಮಾತ್ರ ಮರೀಬೇಡಿ.

ಅಪ್ಪ ಅಮ್ಮಂದಿರೇ, ದಯವಿಟ್ಟು ಫೋನ್ ನೀವು ಹಿಡಿದುಕೊಳ್ಳಿ, ಮಾತು ನಮಗೆ ಬಿಡಿ. ತಪ್ಪಿದ್ರೆ ಟೀಚರ್ ತಿದ್ತಾರೆ, ನಾವು ಕಲೀತೀವಿ.